ದೈನಿಕ ಲಯದ ನಿದ್ರಾವ್ಯತ್ಯಯ
ಮಿದುಳಿನ ಒಳಗಡಿಯಾರವು ಹಗಲಿರುಳುಗಳ ಕ್ರಮಕ್ಕೆ ಹೊಂದದಿದ್ದಾಗ ತಲೆದೋರುವ ವ್ಯಾಧಿ; ರಾತ್ರಿಪಾಳಿಯ ದುಡಿಮೆ ಇದಕ್ಕೊಂದು ಕಾರಣ. ಹತ್ತಿಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿಯೂ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಕಂಡ ಹರಿಹರದಲ್ಲಿಯೂ ರಾತ್ರಿಪಾಳಿಯೆಂಬುದು ಮನೆಮಾತಾಗಿತ್ತು. ಪಾಳಿ ಮುಗಿಸಿ, ಎಳೆಬಿಸಿಲಿಗೆ ಕಣ್ಣು ಕಿರಿದುಮಾಡಿ ಮನೆಗೆ ನಡೆವ ಕಾರ್ಮಿಕನ ಮಿದುಳಿಗೆ ಆ ಬೆಳಕೇ ಎಚ್ಚರದ ಆಜ್ಞೆಯಾಗುವುದರಿಂದ, ಮರಳುವಾಗ ಕಪ್ಪು ಕನ್ನಡಕ, ಮಲಗಲು ಕತ್ತಲ ಕೋಣೆ, ಪಾಳಿಯ ಆರಂಭದಲ್ಲಿ ಉಜ್ಜ್ವಲ ಪ್ರಕಾಶ ಇವೇ ಚಿಕಿತ್ಸೆಯ ಮೊದಲ ಮೆಟ್ಟಿಲು.

ಔಷಧಗಳಲ್ಲಿ ನಿದ್ರೆಯ ಹಾರ್ಮೋನಾದ ಮೆಲಟೋನಿನ್ ಸೌಮ್ಯವೆಂಬ ನಂಬಿಕೆ ಅರ್ಧಸತ್ಯವಷ್ಟೆ. ಖಿನ್ನತೆಗೆ ಕೊಡುವ ಫ್ಲುವಾಕ್ಸಮೀನ್ ಯಕೃತ್ತಿನ ಕಿಣ್ವವನ್ನು ತಡೆದು ರಕ್ತದಲ್ಲಿ ಮೆಲಟೋನಿನ್ನಿನ ಪ್ರಮಾಣವನ್ನು ಹಲವು ಪಟ್ಟು ಏರಿಸುವುದು, ಧೂಮಪಾನವು ಇಳಿಸುವುದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರಲ್ಲಿ ರಕ್ತಸ್ರಾವದ ಭಯವುಂಟು. ನಿದ್ದೆಗುಳಿಗೆಯೊಡನೆ ಮದ್ಯವಂತೂ ಶ್ವಾಸಕ್ಕೇ ಸಂಚಕಾರ. ಆದುದರಿಂದ ರೋಗಿಯು ತಾನು ನುಂಗುವ ಸಕಲ ಮಾತ್ರೆಗಳನ್ನೂ, ನಾಟಿಮದ್ದನ್ನೂ ಬಿಡದೆ, ವೈದ್ಯರ ಮೇಜಿನ ಮೇಲೆ ಸುರಿಯತಕ್ಕದ್ದು.