ಒಕ್ಕಲು ಮನೆಯ ಆಕಳೂ ಕರುವಿನ ಪಾಲೂ

ಕನ್ನಡನಾಡಿನ ಊರುಗಳ ಅಂಚಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ಕಂಡವರಿಗೆ, ಹಿಂದಿನವರು ಗೋಸಂಪತ್ತಿಗೆ ಎಷ್ಟು ಬೆಲೆ ಕೊಟ್ಟಿದ್ದರೆಂಬುದು ವಿದಿತವೇ ಆಗಿದೆ. ತುರುಗೊಳ್, ಅಂದರೆ ಹಗೆಗಳೋ ಕಳ್ಳರೋ ಊರಿನ ದನಗಳನ್ನು ಹೊಡೆದುಕೊಂಡು ಹೋಗುವುದು, ಆ ಕಾಲದ ದೊಡ್ಡ ಭಯವಾಗಿತ್ತು. ತುರುವನ್ನು ಮರಳಿ ತರಲು ಕಾದಿ ಮಡಿದವನ ನೆನಪಿಗೆ ಕಲ್ಲು ನಿಲ್ಲಿಸುತ್ತಿದ್ದರು. ಇಂಥ ಅನೇಕ ಕಲ್ಲುಗಳ ಕೆಳಗಣ ಪಟ್ಟಿಕೆಯಲ್ಲಿ ಕಾಳಗವೂ ದನಗಳೂ, ನಡುವೆ ವೀರನನ್ನು ಕೊಂಡೊಯ್ಯುವ ದೇವಕನ್ಯೆಯರೂ, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ಆತನೂ ಕಾಣಬರುವರು. ಹಾಲು, ಬೆಣ್ಣೆ, ಗೊಬ್ಬರ, ಉಳುವ ಎತ್ತು ಇವೆಲ್ಲವೂ ಒಂದೇ ಕೊಟ್ಟಿಗೆಯಿಂದ ಬರಬೇಕಾಗಿದ್ದ ಸಣ್ಣ ಒಕ್ಕಲಿಗೆ ಆಕಳು ಹೋಯಿತೆಂದರೆ ಮನೆಯೇ ಹೋದಂತೆ.

ಇದನ್ನು ಮನಸ್ಸಿನಲ್ಲಿಟ್ಟು ನೋಡಿದರೆ, 12ನೆಯ ಶತಮಾನದಲ್ಲಿ ಬಾಳಿದ ಬಸವಣ್ಣನವರ ವಿಷಯದಲ್ಲಿ ಭಕ್ತರು ಪರಂಪರೆಯಿಂದ ಹೇಳುತ್ತ ಬಂದಿರುವ ಪ್ರಸಂಗದ ಹಿರಿಮೆ ಇನ್ನೂ ಚೆನ್ನಾಗಿ ತಿಳಿಯುವುದು. ಕಳ್ಳರು ಅವರ ಮನೆಯ ಕರೆಯುವ ಆಕಳುಗಳನ್ನು ಹೊಡೆದುಕೊಂಡು ಹೋದರು. ಆಳುಗಳು ಬೊಬ್ಬಿಡುತ್ತ ಬಂದರು. ಬಸವಣ್ಣನವರು ಕಳ್ಳರ ಬೆನ್ನಟ್ಟಲು ಹೇಳಲಿಲ್ಲ. ತಾಯನ್ನು ಕಾಣದೆ ಕರುಗಳು ಕೊರಗುವುವೆಂದು, ಅವನ್ನೂ ಆಕಳುಗಳ ಹಿಂದೆಯೇ ಕಳುಹಿಸಿಕೊಟ್ಟರು. ಯಾವ ತುರುವಿಗಾಗಿ ನಾಡಿನವರು ಪ್ರಾಣ ಕೊಟ್ಟು ಪ್ರಾಣ ತೆಗೆಯುತ್ತಿದ್ದರೋ, ಆ ತುರುವಿನ ವಿಷಯದಲ್ಲಿಯೇ ಈ ಮಾತು ನಡೆದುದು.

ಇದು ದಯೆಯ ನಿದರ್ಶನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಟ್ಟಿಗೆಯನ್ನು ಬಲ್ಲವರಿಗೆ ಅದರಲ್ಲಿ ಇನ್ನೊಂದು ಮರ್ಮವೂ ತೋರುವುದು. ನಾಡ ಆಕಳು ಕರುವಿಲ್ಲದೆ ಹಾಲು ಇಳಿಸುವುದು ವಿರಳ. ಕರು ಬಂದು ಕೆಚ್ಚಲನ್ನು ಗುದ್ದಿ, ಒಂದೆರಡು ಗುಟುಕು ಚೀಪಿದ ಮೇಲೆಯೇ ತಾಯಿ ತೊರೆ ಬಿಡುವುದು. ಕರುವಿಲ್ಲದ ಆಕಳಿನಿಂದ ಕಳ್ಳನಿಗೂ ಲಾಭವಿಲ್ಲ. ಆಕಳಿಲ್ಲದ ಎಳೆಗರುವಿಗೆ ಉಳಿಗಾಲವಿಲ್ಲ. ಈ ಕಥೆಯನ್ನು ಮೊದಲು ಹೇಳಿದವರು ದನಕರುಗಳ ನಡುವೆ ಬಾಳಿದವರೇ ಆಗಿರಬೇಕು. ಶರಣರಲ್ಲಿ ಅಂಥವರಿಗೆ ಕೊರತೆಯಿರಲಿಲ್ಲ. ತುರುಗಾಹಿ ರಾಮಣ್ಣನ ಕಾಯಕವೇ ದನ ಕಾಯುವುದು. ಆತನು ತನ್ನ ವಚನಗಳಿಗೆ ಇಟ್ಟುಕೊಂಡ ಅಂಕಿತ ಗೋಪತಿನಾಥ ವಿಶ್ವೇಶ್ವರಲಿಂಗ.

ಆಕಳು ಕಟ್ಟಿದ ಮನೆಯ ನಿತ್ಯದ ಇಕ್ಕಟ್ಟು ಈ ಕರುವಿನದೇ. ಎಳೆಗರುವಿಗೆ ದಿನಕ್ಕೆ ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟು ಹಾಲು ಬೇಕು. 20 ಕಿಲೋಗ್ರಾಂ ತೂಗುವ ಕರುವಿಗೆ ಸುಮಾರು 2 ಲೀಟರು. ನಾಡ ಆಕಳು ಕೊಡುವುದೇ ಹೆಚ್ಚಾಗಿ 2-3 ಲೀಟರು. ಹಾಗಾದರೆ ಮನೆಯ ಮಕ್ಕಳಿಗೆ ಉಳಿಯುವುದೇನು? ಈ ಲೆಕ್ಕವನ್ನು ಒಕ್ಕಲಗಿತ್ತಿಯು ಕಾಗದದ ಮೇಲೆ ಮಾಡಿದವಳಲ್ಲ, ಕೈಯಲ್ಲಿ ಮಾಡಿದಳು. ಈದ ಮೊದಲ ದಿನಗಳ ಗಿಣ್ಣು ಹಾಲಿನಲ್ಲಿ ಕರುವಿಗೆ ಹೊಟ್ಟೆ ತುಂಬ ಕುಡಿಸಿ, ಮಿಕ್ಕುದನ್ನು ಕಾಸಿ ನೆರೆಮನೆಗೂ ಕೊಟ್ಟಳು. ಆಮೇಲೆ ಎರಡು ಮೊಲೆ ಕರೆದು ಎರಡು ಬಿಟ್ಟಳು. ಕರು ಹುಲ್ಲು ಕಚ್ಚಲು ಕಲಿತ ಮೇಲೆ ಮೂರು ಕರೆದು ಒಂದು ಬಿಟ್ಟಳು. ಬಡತನ ಹೆಚ್ಚಿದ ಮನೆಯಲ್ಲಿ ಆ ಒಂದರಲ್ಲಿಯೂ ಕೈ ಹೋಗುತ್ತಿದ್ದಿತು. ಎಲುಬು ಕಾಣುವ ಕರುವೇ ಅದರ ಸಾಕ್ಷಿ. ಕರು ಸತ್ತರೆ, ಅದರ ತೊಗಲಿಗೆ ಹುಲ್ಲು ತುಂಬಿ ತಾಯ ಮುಂದೆ ನಿಲ್ಲಿಸಿ ಹಾಲು ಕರೆಯುವ ರೂಢಿಯೂ ಇದ್ದಿತು. ತಾಯಿ ಆ ಹುಲ್ಲಿನ ಕರುವನ್ನು ನೆಕ್ಕುತ್ತ ಹಾಲು ಬಿಡುತ್ತಿದ್ದಳು. ಹಳ್ಳಿಯ ಹೆಣ್ಣುಮಕ್ಕಳಲ್ಲಿ ಇದನ್ನು ಕಂಡು ಕಣ್ಣು ತೇವವಾಗದವರು ಕಡಿಮೆ.

ಅರಮನೆಗೆ ಈ ಇಕ್ಕಟ್ಟು ಇರಲಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು (1672-1704) ಏರ್ಪಡಿಸಿದ ಬೆಣ್ಣೆ ಚಾವಡಿಗೆ ಟಿಪ್ಪು ಸುಲ್ತಾನನು ಅಮೃತ ಮಹಲ್ ಎಂದು ಹೆಸರಿಟ್ಟನು. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ, ಆ ಹಿಂಡುಗಳ ಖ್ಯಾತಿಯೆಲ್ಲ ಫಿರಂಗಿಗಳನ್ನೂ ದಂಡಿನ ಸಾಮಾನನ್ನೂ ಎಳೆಯುವ ಎತ್ತುಗಳಿಂದ ಬಂದುದು. ಕಾವಲುಗಳಲ್ಲಿ ಮೇಯುವ ಆ ಆಕಳು ಹಾಲಿಗೆ ಹೆಸರಾದುದಲ್ಲ. ಒಕ್ಕಲು ಮನೆಗೂ ಎತ್ತು ಬೇಕಾಗಿತ್ತು. ಹೋರಿಗರುವಿಗೆ ಬಿಟ್ಟ ಹಾಲು ಮೂರು ನಾಲ್ಕು ವರುಷಗಳ ಮೇಲೆ ನೊಗದಲ್ಲಿ ಮರಳಿ ಬರುತ್ತಿದ್ದಿತು. ಆದರೆ ಅಲ್ಲಿಯವರೆಗೆ ಮಜ್ಜಿಗೆಯಿಲ್ಲದೆ ಉಣ್ಣುವುದು ಸಣ್ಣ ಒಕ್ಕಲಿಗೆ ಸುಲಭವಾಗಿರಲಿಲ್ಲ.

ಇಂಥ ಮನೆಗಳಿಂದಲೇ ಮಠಗಳ ದಾಸೋಹಕ್ಕೆ ಹಾಲು ಮೊಸರು ಬಂದಿತೆಂಬುದನ್ನು ಮರೆಯಲಾಗದು. ಭಕ್ತನು ಹಣೆಯಲ್ಲಿ ಧರಿಸುವ ವಿಭೂತಿಯೂ ಆಕಳ ಸಗಣಿಯನ್ನು ಉಂಡೆಕಟ್ಟಿ, ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಸೋಸಿ ಮಾಡಿದುದು. ಶಾಸ್ತ್ರವು ನಂದೆ, ಭದ್ರೆ, ಸುರಭಿ, ಸುಶೀಲೆ, ಸುಮನೆ ಎಂಬ ಐದು ಗೋವುಗಳಿಂದ ಐದು ಬಗೆಯ ಭಸ್ಮವಾಯಿತೆನ್ನುವುದು. ಹಾಲು ಕೊಡಲಾರದ ಬಡವನೂ ಹೊರೆ ಹುಲ್ಲನ್ನೋ ಬುಟ್ಟಿ ಕುರುಳನ್ನೋ ಮಠಕ್ಕೆ ಸಲ್ಲಿಸಬಹುದಾಗಿತ್ತು.

20ನೆಯ ಶತಮಾನದ ಉತ್ತರಾರ್ಧದಲ್ಲಿ ಕೊಟ್ಟಿಗೆಯ ಲೆಕ್ಕ ಬದಲಾಯಿತು. 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮವೂ, 1984ರಲ್ಲಿ ಅದರ ಸ್ಥಾನದಲ್ಲಿ ಕರ್ನಾಟಕ ಹಾಲು ಮಹಾಮಂಡಳವೂ ಬಂದು, ಹಳ್ಳಿಯ ಸಂಘಗಳಲ್ಲಿ ಬೆಳಿಗ್ಗೆ ಸಂಜೆ ಹಾಲಿಗೆ ರೊಕ್ಕ ಸಿಗುವಂತಾಯಿತು. ಅನೇಕ ವಿಧವೆಯರೂ ತುಂಡು ಭೂಮಿಯವರೂ ಇದರಿಂದ ಬದುಕಿಕೊಂಡರೆಂಬುದನ್ನು ಯಾರೂ ಅಲ್ಲಗಳೆಯಲಾರರು. ಜರ್ಸಿ, ಹೋಲ್‌ಸ್ಟೀನ್ ರಕ್ತ ಬೆರೆತ ಆಕಳು ನಾಡ ಆಕಳಿಗಿಂತ ಹಲವು ಪಟ್ಟು ಹಾಲು ಕೊಡುವುದು. ಮೊದಲಿನಿಂದ ರೂಢಿ ಮಾಡಿಸಿದರೆ ಕರುವಿಲ್ಲದೆಯೂ ಇಳಿಸುವುದು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರುವಿಗೆ ಬಿಡುವ ಹಾಲು ನೊಗದಲ್ಲಿ ಮರಳಿ ಬರುವುದೂ ನಿಂತಿತು. ಹೆಣ್ಣುಗರುವಿಗೆ ಬಕೆಟ್ಟಿನಲ್ಲಾದರೂ ಹಾಲುಂಟು. ಹೋರಿಗರುವಿಗೆ ಹಲವು ಮನೆಗಳಲ್ಲಿ ಗೂಟವೂ ಇಲ್ಲ.

ನಾಡ ಆಕಳು ಉಳಿದಿರುವ ಕೊಟ್ಟಿಗೆಗಳಲ್ಲಿ ಹಳೆಯ ಕ್ರಮವೇ ಇದೆ: ನಸುಕಿನಲ್ಲಿ ಚೆಂಬು ಹಿಡಿದು ಬಂದವರು ಮೊದಲು ಕರುವಿನ ಕಣ್ಣಿ ಬಿಚ್ಚುವರು.