ಮ್ಯೂಸಿಯಂ ಹೊಟ್ಟೆಯೊಳಗಿನ ಸೈಕಲ್ ದಾರಿ

ಆಮ್‌ಸ್ಟರ್‌ಡ್ಯಾಮ್ ನಗರದ ರೈಕ್ಸ್ ಮ್ಯೂಸಿಯಂ ನೆದರ್ಲೆಂಡ್ಸ್ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯ. ರೆಂಬ್ರಾಂಟನ ಜಗತ್ಪ್ರಸಿದ್ಧ ಚಿತ್ರ ‘ನೈಟ್ ವಾಚ್’ ಇರುವುದು ಇಲ್ಲಿಯೇ. ಮೇಲಂತಸ್ತಿನಲ್ಲಿ ಆ ಚಿತ್ರದ ಎದುರು ದೇಶವಿದೇಶಗಳ ಸಂದರ್ಶಕರು ಮೌನವಾಗಿ ನಿಂತಿರುವಾಗ, ಅವರ ಕಾಲಡಿಯಲ್ಲೇ ಬೆಲ್ ಬಾರಿಸುತ್ತ ಸೈಕಲ್ಲುಗಳು ಸಾಲುಗಟ್ಟಿ ಸಾಗುತ್ತಿರುತ್ತವೆ. ಕಚೇರಿಗೆ ಹೊರಟವರು, ಮಗುವನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ ತಾಯಂದಿರು, ಸಂತೆಯಿಂದ ತರಕಾರಿ ತರುವವರು, ಎಲ್ಲರಿಗೂ ಅದು ದಿನನಿತ್ಯದ ದಾರಿ. ವಿಧಾನಸೌಧದ ನಟ್ಟನಡುವೆ ಒಂದು ಸಾರ್ವಜನಿಕ ರಸ್ತೆ ಹಾದುಹೋಗುತ್ತದೆ, ಯಾರು ಬೇಕಾದರೂ ಯಾರನ್ನೂ ಕೇಳದೆ ಅದರಲ್ಲಿ ಸೈಕಲ್ ತುಳಿಯಬಹುದು ಎಂದು ಊಹಿಸಿಕೊಂಡರೆ ಈ ಏರ್ಪಾಟಿನ ಸ್ವಾರಸ್ಯ ಗೊತ್ತಾದೀತು.

ಈ ದಾರಿ ಇಂದಿಗೂ ಉಳಿದಿರುವುದು ತಾನಾಗಿಯೇ ಅಲ್ಲ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಮ್ಯೂಸಿಯಂನ ನವೀಕರಣಕ್ಕೆ ಕೈಹಾಕಿದಾಗ ಅದು ಬಹುಮಟ್ಟಿಗೆ ಕೈತಪ್ಪಿಹೋಗುವುದರಲ್ಲಿತ್ತು. ಅದನ್ನು ಉಳಿಸಿಕೊಂಡದ್ದು ನಗರದ ಸೈಕಲ್ ಸವಾರರ ಸಂಘ. ಎದುರಾಳಿಗಳಾದರೋ ಸಾಮಾನ್ಯರಲ್ಲ: ರಾಷ್ಟ್ರದ ಹೆಮ್ಮೆಯ ಸಂಸ್ಥೆ, ಅದರ ನಿರ್ದೇಶಕರು, ಸ್ಪರ್ಧೆಯಲ್ಲಿ ಗೆದ್ದುಬಂದ ವಿದೇಶಿ ವಾಸ್ತುಶಿಲ್ಪಿಗಳು.

ಕಟ್ಟಡದ ಹೊಟ್ಟೆಯೊಳಗೆ ರಸ್ತೆ ಬಂದದ್ದಾದರೂ ಹೇಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಡಚ್ಚರ ರಾಷ್ಟ್ರೀಯ ಚಿತ್ರಸಂಗ್ರಹ ಟ್ರಿಪ್ಪನ್‌ಹೌಸ್ ಎಂಬ ಹಳೆಯ ಶ್ರೀಮಂತರ ಮನೆಯೊಂದರಲ್ಲಿ ಇಕ್ಕಟ್ಟಾಗಿ ತುಂಬಿಕೊಂಡಿತ್ತು. ಹೊಸ ಕಟ್ಟಡಕ್ಕಾಗಿ 1863ರಲ್ಲಿ ನಡೆದ ಸ್ಪರ್ಧೆ ಫಲ ಕೊಡಲಿಲ್ಲ. ಕೊನೆಗೆ 1876ರಲ್ಲಿ ಪಿಯೆರ್ ಕೌಪರ್ಸ್ ಎಂಬ ವಾಸ್ತುಶಿಲ್ಪಿಯ ನಕ್ಷೆ ಆಯ್ಕೆಯಾಯಿತು. ಆಮ್‌ಸ್ಟರ್‌ಡ್ಯಾಮಿನ ಕೇಂದ್ರ ರೈಲು ನಿಲ್ದಾಣವನ್ನು ಕಟ್ಟಿದಾತನೂ ಈತನೇ. ಜಾಗ ಗೊತ್ತಾದದ್ದು ಆಗಿನ ನಗರದ ದಕ್ಷಿಣದ ಅಂಚಿನಲ್ಲಿ, ಸಿಂಗೆಲ್‌ಗ್ರಾಕ್ಟ್ ಕಾಲುವೆಯ ದಡದಲ್ಲಿ. ಅದರಾಚೆ ಹೊಸ ಬಡಾವಣೆಗಳು ಏಳಬೇಕಾಗಿದ್ದವು. ಇಷ್ಟು ಉದ್ದದ ಕಟ್ಟಡ ಅಡ್ಡಗೋಡೆಯಂತೆ ನಿಂತರೆ ಹಳೆಯ ಊರಿಗೂ ಹೊಸ ಊರಿಗೂ ಸಂಪರ್ಕ ಕಡಿಯುತ್ತದೆ ಎಂಬುದು ನಗರಾಡಳಿತದ ಚಿಂತೆ. ಆದ್ದರಿಂದ ಮ್ಯೂಸಿಯಂ ನಗರದ ದಕ್ಷಿಣ ಹೆಬ್ಬಾಗಿಲೂ ಆಗಿರಬೇಕು, ಅದರ ನಡುವೆ ರಸ್ತೆ ಹಾದುಹೋಗಬೇಕು ಎಂದಾಯಿತು.

ಕೌಪರ್ಸ್ ಹಾಗೆಯೇ ಮಾಡಿದ. ಕಮಾನುಗಳ ಮೇಲೆ ಚಾವಣಿ ಹೊತ್ತ, ಚರ್ಚಿನ ಒಳಾಂಗಣವನ್ನು ನೆನಪಿಸುವ ವಿಶಾಲವಾದ ಓಣಿಯೊಂದನ್ನು ಕಟ್ಟಡದ ಮಧ್ಯದಲ್ಲಿ ಬಿಟ್ಟ. ಅದರ ಎಡಬಲಕ್ಕೆ ಎರಡು ಅಂಗಳಗಳು. ಓಣಿಯ ನೆತ್ತಿಯ ಮೇಲೆ, ಮೇಲಂತಸ್ತಿನಲ್ಲಿ, ಮಹಾನ್ ಕಲಾವಿದರ ಚಿತ್ರಗಳ ‘ಗೌರವ ಪ್ರಾಂಗಣ’. ಅದರ ತುದಿಗೆ ‘ನೈಟ್ ವಾಚ್’ಗೆಂದೇ ಮೀಸಲಾದ ಕೋಣೆ. ಆದರೆ ಇದರಿಂದ ಮ್ಯೂಸಿಯಂಗೆ ಒಂದು ಊನ ಅಂಟಿಕೊಂಡಿತು. ಯಾವುದೇ ಅರಮನೆಗೆ ನಡುವೆ ಮಹಾದ್ವಾರ ಇರುವ ಕಡೆ ಇಲ್ಲಿ ರಸ್ತೆ ಇತ್ತು. ಒಳಕ್ಕೆ ಹೋಗುವವರು ಪಕ್ಕದ ಬಾಗಿಲುಗಳನ್ನು ಹುಡುಕಬೇಕಾಗಿತ್ತು. ಮುಂದಿನ ಜಗಳದ ಬೀಜ ಇರುವುದು ಇಲ್ಲಿಯೇ.

ಕಟ್ಟಡ ಉದ್ಘಾಟನೆಯಾದದ್ದು 1885ರ ಜುಲೈ 13ರಂದು. ಅದರ ಗೋಪುರಗಳೂ ಬಣ್ಣದ ಗಾಜುಗಳೂ ಕ್ಯಾಥೊಲಿಕ್ ಮಠವನ್ನು ಹೋಲುತ್ತವೆಂದು ಪ್ರಾಟೆಸ್ಟೆಂಟ್ ಡಚ್ಚರಲ್ಲಿ ಹಲವರು ಮುನಿಸಿಕೊಂಡರು. ಆ ಮಠಕ್ಕೆ ತಾನು ಕಾಲಿಡುವುದಿಲ್ಲವೆಂದು ದೊರೆ ಮೂರನೆಯ ವಿಲಿಯಂ ಹೇಳಿದನೆಂಬ ಮಾತೂ ಪ್ರಚಾರದಲ್ಲಿದೆ. ನಡುವಿನ ರಸ್ತೆಯ ಬಗ್ಗೆ ಆಗ ಯಾರಿಗೂ ತಕರಾರಿರಲಿಲ್ಲ. ಎರಡೂ ಗಾಲಿಗಳು ಹೆಚ್ಚುಕಡಿಮೆ ಒಂದೇ ಅಳತೆಯವಾಗಿರುವ, ಹಿಂದಿನ ಗಾಲಿಗೆ ಚೈನು ಬಿಗಿದ ಇಂದಿನ ಮಾದರಿಯ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಎಂಬ ಹೆಸರಿನಲ್ಲಿ ಹೊರತಂದದ್ದೂ ಅದೇ 1885ರಲ್ಲಿ. ಕುದುರೆಗಾಡಿಗಳಿಗೆಂದು ಬಿಟ್ಟ ಓಣಿ ಕೆಲವೇ ದಶಕಗಳಲ್ಲಿ ಸೈಕಲ್ಲುಗಳ ಓಣಿಯಾಯಿತು.

ಹಾಲೆಂಡ್ ಎಂದರೆ ಹುಟ್ಟಿನಿಂದಲೇ ಸೈಕಲ್ಲುಗಳ ನಾಡು, ಅಲ್ಲಿ ಹೋರಾಟದ ಅಗತ್ಯವೇನು ಎಂದು ಕೇಳುವವರುಂಟು. ಇದು ತಪ್ಪು ತಿಳಿವಳಿಕೆ. ನೆಲ ಸಮತಟ್ಟಾಗಿದೆ ಎಂಬುದು ನಿಜ. ಆದರೆ ಎರಡನೆಯ ಮಹಾಯುದ್ಧದ ನಂತರ ಅಲ್ಲಿಯೂ ಮೋಟಾರು ಕಾರೇ ಪ್ರಗತಿಯ ಗುರುತಾಯಿತು. 1967ರಲ್ಲಿ ಡೇವಿಡ್ ಜೋಕಿನೆನ್ ಎಂಬ ಅಮೆರಿಕನ್ ಸಂಚಾರ ತಜ್ಞ ಆಮ್‌ಸ್ಟರ್‌ಡ್ಯಾಮಿಗೆ ಒಂದು ಯೋಜನೆ ಹಾಕಿಕೊಟ್ಟ. ಮ್ಯೂಸಿಯಂ ಎದುರಿನ ಸಿಂಗೆಲ್‌ಗ್ರಾಕ್ಟ್ ಕಾಲುವೆಯನ್ನು ಮುಚ್ಚಿ ಆರು ಸಾಲಿನ ಹೆದ್ದಾರಿ ಮಾಡಬೇಕು, ಪಕ್ಕದ ‘ಪೈಪ್’ ಎಂಬ ಕಾರ್ಮಿಕರ ಬಡಾವಣೆಯನ್ನು ಕೆಡವಬೇಕು ಎಂದು ಅದರ ಸಲಹೆ. ಅದು ಜಾರಿಗೆ ಬರಲಿಲ್ಲ. ಆದರೆ ಮ್ಯೂಸಿಯಂ ಹಿಂದಿನ ಬಯಲಿನ ನಡುವೆ ಹಾಕಿದ್ದ ಅಗಲವಾದ ಕಾರು ರಸ್ತೆ ಮಾತ್ರ ದಶಕಗಟ್ಟಲೆ ಇತ್ತು. ‘ದೇಶದ ಅತಿ ಗಿಡ್ಡ ಹೆದ್ದಾರಿ’ ಎಂದು ಜನ ಅದನ್ನು ಗೇಲಿ ಮಾಡುತ್ತಿದ್ದರು. 1990ರ ದಶಕದಲ್ಲಿ ಬಯಲನ್ನು ಹೊಸದಾಗಿ ರೂಪಿಸಿ ಹುಲ್ಲು ಬೆಳೆಸಿದಾಗಲೇ ಅದು ಅಳಿದದ್ದು.

ಕಾರುಗಳಿಗೆ ತೆತ್ತ ಬೆಲೆ ಭೀಕರವಾಗಿತ್ತು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಹಾಗೆ ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗನ್‌ಹಾಫ್ 1972ರಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ತಲೆಬರಹದಲ್ಲಿ ಬರೆದ ಲೇಖನ ಅದೇ ಹೆಸರಿನ ಚಳವಳಿಗೆ ಕಾರಣವಾಯಿತು. ಮರುವರ್ಷದ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರ ಭಾನುವಾರಗಳಂದು ಕಾರು ಸಂಚಾರ ನಿಷೇಧಿಸಿದಾಗ, ಖಾಲಿ ರಸ್ತೆ ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು.

ಇದಕ್ಕೂ ಮೊದಲೇ, 1965ರಲ್ಲಿ, ‘ಪ್ರೊವೊ’ ಎಂಬ ಕಿಡಿಗೇಡಿ ತರುಣರ ಗುಂಪು ಬಿಳಿ ಬಣ್ಣ ಬಳಿದ ಸೈಕಲ್ಲುಗಳನ್ನು ಬೀಗವಿಲ್ಲದೆ ಬೀದಿಯಲ್ಲಿಟ್ಟು, ಯಾರು ಬೇಕಾದರೂ ಬಳಸಲಿ ಎಂದಿತ್ತು. ಪೊಲೀಸರು ಅವನ್ನು ಎತ್ತಿಕೊಂಡು ಹೋದರು. ಆ ಹುಡುಗಾಟಿಕೆಯ ವಂಶದಲ್ಲೇ ಜಗತ್ತಿನ ಇಂದಿನ ಸಾರ್ವಜನಿಕ ಸೈಕಲ್ ಯೋಜನೆಗಳೆಲ್ಲ ಹುಟ್ಟಿವೆ. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಕೂಡ ಅದೇ ವಂಶದ್ದು.

ಇಂಥ ವಾತಾವರಣದಲ್ಲಿ 1975ರಲ್ಲಿ ಸೈಕಲ್ ಸವಾರರ ಸಂಘ ಹುಟ್ಟಿತು. ಅದರ ಮೊದಲ ಹೆಸರಿನಲ್ಲೇ ಒಂದು ಕುಚೋದ್ಯವಿತ್ತು. 1883ರಲ್ಲಿ ಸೈಕಲ್ ಸವಾರರಿಗಾಗಿಯೇ ಸ್ಥಾಪನೆಯಾದ ಎ.ಎನ್.ಡಬ್ಲ್ಯು.ಬಿ. ಎಂಬ ಹಳೆಯ ಸಂಘ ಕಾಲಕ್ರಮೇಣ ಕಾರು ಮಾಲೀಕರ ಬಲಿಷ್ಠ ಸಂಸ್ಥೆಯಾಗಿ ಮಾರ್ಪಟ್ಟಿತ್ತು. ಹೊಸಬರು ತಮ್ಮನ್ನು ‘ಮೊದಲ, ಏಕೈಕ, ಅಪ್ಪಟ ಡಚ್ ಸೈಕಲ್ ಸವಾರರ ಸಂಘ’ ಎಂದು ಕರೆದುಕೊಂಡರು. ಸಂಕ್ಷಿಪ್ತ ಹೆಸರು ಇ.ಎನ್.ಡಬ್ಲ್ಯು.ಬಿ. ಹಳೆಯ ಸಂಘ ನ್ಯಾಯಾಲಯದ ಮೆಟ್ಟಿಲು ಹತ್ತಿತು, ಹೊಸಬರು ಹೆಸರು ಬದಲಿಸಬೇಕಾಯಿತು. ಮುಂದೆ ಅದೇ ‘ಫೀಟ್ಸರ್ಸ್‌ಬಾಂಡ್’ ಆಯಿತು. ಊರೂರಿನಲ್ಲಿ ಅದರ ಶಾಖೆಗಳು. ಎಲ್ಲಿ ತಿರುವು ಅಪಾಯಕಾರಿ, ಎಲ್ಲಿ ದಾರಿ ತುಂಡಾಗಿದೆ ಎಂದು ಗುರುತು ಹಾಕುವುದು, ನಕ್ಷೆಗಳನ್ನು ಓದುವುದು, ಆಕ್ಷೇಪಣೆ ಸಲ್ಲಿಸುವುದು, ಸಭೆಗಳಲ್ಲಿ ಕೂರುವುದು. ಮೆರವಣಿಗೆಗಿಂತ ಹೆಚ್ಚಾಗಿ ಈ ಬೇಸರದ ಕೆಲಸವೇ ಅದರ ಶಕ್ತಿ.

ಈಗ ನವೀಕರಣದ ಕಥೆ. ಇಪ್ಪತ್ತನೆಯ ಶತಮಾನದುದ್ದಕ್ಕೂ ಮ್ಯೂಸಿಯಂಗೆ ಜಾಗ ಸಾಲದೆ ಎರಡೂ ಅಂಗಳಗಳಲ್ಲಿ ಕೋಣೆಗಳನ್ನು ಕಟ್ಟುತ್ತಾ ಹೋಗಿದ್ದರು. ಕಟ್ಟಡ ಕತ್ತಲ ಗವಿಯಾಗಿತ್ತು, ಒಳಹೊಕ್ಕವರಿಗೆ ದಿಕ್ಕು ತಪ್ಪುತ್ತಿತ್ತು. 2001ರಲ್ಲಿ ಸ್ಪೇನಿನ ಸೆವಿಲ್ ನಗರದ ಆಂಟೋನಿಯೋ ಕ್ರೂಸ್ ಮತ್ತು ಆಂಟೋನಿಯೋ ಓರ್ಟಿಸ್ ಎಂಬ ವಾಸ್ತುಶಿಲ್ಪಿಗಳು ಆಯ್ಕೆಯಾದರು. ಅವರ ಆಲೋಚನೆ ಸೊಗಸಾದದ್ದೇ. ಅಂಗಳಗಳನ್ನು ತುಂಬಿದ್ದ ಕೋಣೆಗಳನ್ನೆಲ್ಲ ತೆಗೆದುಹಾಕಿ ಬೆಳಕು ತರುವುದು; ಓಣಿಯ ಕೆಳಗೆ ನೆಲ ಅಗೆದು ಎರಡು ಅಂಗಳಗಳನ್ನು ಒಂದು ಮಾಡುವುದು; ನಡು ಓಣಿಯಿಂದಲೇ ಕೆಳಕ್ಕೆ ಇಳಿಯುವ ಭವ್ಯ ಪ್ರವೇಶದ್ವಾರ ನಿರ್ಮಿಸುವುದು. ನೂರಿಪ್ಪತ್ತು ವರ್ಷಗಳಿಂದ ಇಲ್ಲದಿದ್ದ ಮಹಾದ್ವಾರ ಕೊನೆಗೂ ಮ್ಯೂಸಿಯಂಗೆ ದಕ್ಕುವುದಿತ್ತು. 2003ರ ಡಿಸೆಂಬರಿನಲ್ಲಿ ಮುಖ್ಯ ಕಟ್ಟಡದ ಬಾಗಿಲು ಹಾಕಿದರು. 2008ಕ್ಕೆ ತೆರೆಯುವ ಅಂದಾಜಿತ್ತು.

ಸೈಕಲ್ ಸಂಘದವರು ನಕ್ಷೆ ಬಿಡಿಸಿ ನೋಡಿದರು. ಓಣಿಯ ಮಧ್ಯಭಾಗವನ್ನು ಹೊಸ ಪ್ರವೇಶದ್ವಾರ ನುಂಗಿಬಿಟ್ಟಿತ್ತು, ಸೈಕಲ್ಲುಗಳಿಗೆ ಉಳಿದದ್ದು ಪಕ್ಕದ ಕಿರಿದಾದ ಪಟ್ಟಿ. ದಿನಕ್ಕೆ ಸಾವಿರಾರು ಸೈಕಲ್ಲುಗಳು ಎರಡೂ ದಿಕ್ಕಿಗೆ ಓಡಾಡುವ ದಾರಿ ಅದು. ಅಲ್ಲಿಗೇ ಪ್ರವಾಸಿಗಳ ಗುಂಪೂ ಬಂದು ನಿಂತರೆ ಡಿಕ್ಕಿ ಖಂಡಿತ. ಇಂದು ಕಿರಿದು ಮಾಡಿದ ದಾರಿಯನ್ನು ನಾಳೆ ಅಪಾಯಕಾರಿ ಎಂದು ಮುಚ್ಚುವುದು ಎಷ್ಟು ಸುಲಭವೆಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ಬಳಸಿಕೊಂಡು ಹೋಗಲು ಹೊಬ್ಬೆಮಾ ಬೀದಿ ಇತ್ತು. ಆದರೆ ಅದರಲ್ಲಿ ಟ್ರಾಮ್ ಹಳಿಗಳಿವೆ. ಹಳಿಯ ಸಂದಿಗೆ ಟೈರು ಸಿಕ್ಕಿ ಬೀಳುವುದೆಂದರೇನೆಂದು ಟ್ರಾಮ್ ಓಡುವ ಊರಿನ ಸವಾರರೆಲ್ಲರಿಗೂ ಗೊತ್ತು.

ಸಂಘದ ವಾದದ ತಿರುಳು ಇಷ್ಟೇ: ಇದು ಮ್ಯೂಸಿಯಂನ ಜಗಲಿ ಅಲ್ಲ, ನಗರದ ಬೀದಿ. ಬೀದಿಯನ್ನು ಉಳಿಸಿಕೊಂಡೇ ಬಾಗಿಲು ಮಾಡಿರಿ. ಕಟ್ಟಡದ ಪರವಾನಗಿ ಸ್ಥಳೀಯ ಬಡಾವಣೆಯ ಪರಿಷತ್ತಿನ ಕೈಯಲ್ಲಿತ್ತು. ಸುತ್ತಲಿನ ನಿವಾಸಿಗಳೂ ದನಿಗೂಡಿಸಿದರು. ಪರಿಷತ್ತು ಸವಾರರ ಪಕ್ಷಕ್ಕೆ ವಾಲಿತು. ವಾಸ್ತುಶಿಲ್ಪಿಗಳು ಭವ್ಯ ದ್ವಾರದ ಕನಸು ಬಿಟ್ಟು ನಕ್ಷೆಯನ್ನು ಮತ್ತೆ ತಿದ್ದಬೇಕಾಯಿತು. ಒಕೆ ಹೋಗೆನ್‌ಡೈಕ್ ಎಂಬ ನಿರ್ದೇಶಕಿ ಈ ನವೀಕರಣವನ್ನು ವರ್ಷಗಟ್ಟಲೆ ಹಿಂಬಾಲಿಸಿ ತೆಗೆದ ಸಾಕ್ಷ್ಯಚಿತ್ರದಲ್ಲಿ ಈ ಜಟಾಪಟಿ ದಾಖಲಾಗಿದೆ. ಸೈಕಲ್ ತುಳಿಯುವವರ ಮಾತಿಗೆ ರಾಷ್ಟ್ರೀಯ ಸ್ಮಾರಕದ ನಕ್ಷೆ ಬದಲಾಗುವುದನ್ನು ಕಂಡ ಸ್ಪೇನಿನವರ ಕಕ್ಕಾಬಿಕ್ಕಿ ಅದರಲ್ಲಿ ಕಾಣುತ್ತದೆ. ತಮಾಷೆಯೆಂದರೆ, ಇದೇ ಅವಧಿಯಲ್ಲಿ, 2006ರ ನಂತರದ ಕೆಲವೇ ವರ್ಷಗಳಲ್ಲಿ, ಅವರ ತವರೂರು ಸೆವಿಲ್ ನೂರು ಕಿಲೋಮೀಟರಿಗೂ ಮಿಕ್ಕಿ ಸೈಕಲ್ ಪಥ ಹಾಕಿ ಯೂರೋಪಿನ ಗಮನ ಸೆಳೆಯಿತು.

ಮ್ಯೂಸಿಯಂ ತೆರೆಯಲು ಐದು ವರ್ಷ ತಡವಾದದ್ದಕ್ಕೆ ಸೈಕಲ್ ಸವಾರರೇ ಕಾರಣ ಎಂಬ ಆಪಾದನೆ ಆಗಾಗ ಕೇಳಿಬರುತ್ತದೆ. ಅವರ ಪಾಲೂ ಇದೆ, ನಿಜ. ಆದರೆ ಕಾಮಗಾರಿಯ ಟೆಂಡರು ಅಂದಾಜು ಮೀರಿದ ಬೆಲೆಗೆ ಬಂದದ್ದು, ಹಳೆಯ ಗೋಡೆಗಳಲ್ಲಿ ಕಲ್ನಾರು ಸಿಕ್ಕಿದ್ದು, ನೀರಿನ ಮಟ್ಟಕ್ಕಿಂತ ಕೆಳಗೆ ಅಗೆಯಬೇಕಾದ ತೊಡಕು ಇವನ್ನೆಲ್ಲ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಟ್ಟು ಖರ್ಚು 37.5 ಕೋಟಿ ಯೂರೋ ಮುಟ್ಟಿತು.

2008ರಲ್ಲಿ ಹಳೆಯ ನಿರ್ದೇಶಕ ರೊನಾಲ್ಡ್ ಡ ಲೇವ್ ಹುದ್ದೆ ಬಿಟ್ಟರು. ಹೊಸದಾಗಿ ಬಂದ ವಿಮ್ ಪೈಬ್ಸ್ ಮುಗಿದಂತಿದ್ದ ಚರ್ಚೆಯನ್ನು ಮತ್ತೆ ಕೆದಕಿದರು. ಲಕ್ಷಾಂತರ ಸಂದರ್ಶಕರು ತಿರುಗುಬಾಗಿಲುಗಳಿಂದ ಹೊರಬರುವ ಕಡೆ ಸೈಕಲ್ಲುಗಳು ವೇಗವಾಗಿ ಬಂದರೆ ಅನಾಹುತವಾದೀತು, ಓಣಿ ಪಾದಚಾರಿಗಳಿಗೆ ಮಾತ್ರ ಇರಲಿ ಎಂಬುದು ಅವರ ಪಟ್ಟು. ಅವರ ಕಾಳಜಿಯನ್ನು ಸುಳ್ಳೆನ್ನುವಂತಿಲ್ಲ. ಆಮ್‌ಸ್ಟರ್‌ಡ್ಯಾಮಿನ ಸವಾರರು ಪ್ರವಾಸಿಗಳನ್ನು ಕಂಡು ಬ್ರೇಕು ಹಾಕುವವರೆಂದು ಹೆಸರಾದವರೇನೂ ಅಲ್ಲ. ಆದರೆ ಅಪಾಯ ತಪ್ಪಿಸಲು ಬಾಗಿಲಿನ ಎದುರು ಜಾಗ ಬಿಡುವುದೂ ಒಂದು ದಾರಿ; ನೂರು ವರ್ಷಗಳ ವಾಡಿಕೆಯನ್ನು ಕಿತ್ತುಹಾಕುವುದೊಂದೇ ದಾರಿಯಲ್ಲ. ಕಾಮಗಾರಿಯ ನೆಪದಲ್ಲಿ ವರ್ಷಗಟ್ಟಲೆ ಮುಚ್ಚಿದ್ದ ಓಣಿಯ ಮುಂದೆ ಸವಾರರು ಮತ್ತೆ ದನಿಯೆತ್ತಿದರು. 2012ರಲ್ಲಿ ನಗರ ಪರಿಷತ್ತು ಸೈಕಲ್ಲುಗಳ ಪರವಾಗಿಯೇ ನಿಂತಿತು.

2013ರ ಏಪ್ರಿಲ್ 13ರಂದು, ಪಟ್ಟ ಬಿಡುವುದಕ್ಕೆ ಕೆಲವೇ ದಿನ ಮೊದಲು, ರಾಣಿ ಬಿಯಾಟ್ರಿಕ್ಸ್ ಮ್ಯೂಸಿಯಂ ಅನ್ನು ಮತ್ತೆ ಉದ್ಘಾಟಿಸಿದರು. ಸೈಕಲ್ಲುಗಳಿಗೆ ಓಣಿ ತೆರೆದದ್ದು ಮರುತಿಂಗಳು. ಭಾರತದಲ್ಲಿ ಅದೇ ವರ್ಷ ಕೋಲ್ಕತ್ತದ ಪೊಲೀಸರು ಸಂಚಾರಕ್ಕೆ ಅಡ್ಡಿಯೆಂಬ ಕಾರಣ ಕೊಟ್ಟು 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದ್ದರು. ಹಾಲು, ಪತ್ರಿಕೆ ಹಂಚುವವರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು.

ಹೊಸ ಏರ್ಪಾಟಿನಲ್ಲಿ ಸೈಕಲ್ಲುಗಳಿಗೆ ಓಣಿಯ ನಡುಭಾಗ, ನಡೆಯುವವರಿಗೆ ಎರಡೂ ಪಕ್ಕ. ಮ್ಯೂಸಿಯಂನ ತಿರುಗುಬಾಗಿಲುಗಳು ಪಕ್ಕದ ಗೋಡೆಗಳಲ್ಲಿವೆ. ದೊಡ್ಡ ಗಾಜುಗಳ ಮೂಲಕ ಸವಾರರಿಗೆ ಒಳಗಿನ ಅಂಗಳ ಕಾಣುತ್ತದೆ, ಒಳಗಿನವರಿಗೆ ಸವಾರರು ಕಾಣುತ್ತಾರೆ. ಕಮಾನುಗಳ ಕೆಳಗೆ ದನಿ ಚೆನ್ನಾಗಿ ಮೊಳಗುವುದರಿಂದ ಬೀದಿ ಸಂಗೀತಗಾರರು ಅಲ್ಲಿ ಪಿಟೀಲು ನುಡಿಸುತ್ತ ನಿಂತಿರುತ್ತಾರೆ. ಮೊದಲ ವರ್ಷವೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಮ್ಯೂಸಿಯಂ ನೋಡಿದರು. ಪೈಬ್ಸ್ 2016ರಲ್ಲಿ ಹುದ್ದೆ ಬಿಟ್ಟರು. ಓಣಿಯಲ್ಲಿ ಸೈಕಲ್ಲುಗಳ ಓಡಾಟ ನಿಂತಿಲ್ಲ.