ಅಳಿದ ಬೀದಿಗಳು, ಉಳಿದ ಚಿತ್ರಗಳು

ಇತಿಹಾಸಕ್ಕೆ ಶಿಲಾಶಾಸನ, ತಾಮ್ರಪಟಗಳಷ್ಟೇ ಆಧಾರವೆಂದು ತಿಳಿಯಲಾಗದು. ಸಂತೆಬೀದಿಯ ಒಂದು ಛಾಯಾಚಿತ್ರವೂ ಆಧಾರವಾದೀತು. ಪೋಲೆಂಡಿನ ಯೆಹೂದ್ಯರ ವೃತ್ತಾಂತವೇ ಇದಕ್ಕೆ ನಿದರ್ಶನ.

1885ರಲ್ಲಿ ವಿಲ್ನಾ ನಗರದಲ್ಲಿ ಜನಿಸಿದ ಆಲ್ಟರ್ ಕಾಟ್ಸಿಜ್ನೆಯವರು ಯಿಡ್ಡಿಷ್ ಭಾಷೆಯ ಲೇಖಕರು, ವಾರ್ಸಾದಲ್ಲಿ ಛಾಯಾಗ್ರಾಹಕರು. ಅಮೆರಿಕೆಗೆ ವಲಸೆ ಹೋದವರಿಗೆ ತವರಿನ ದರ್ಶನ ಮಾಡಿಸಲೆಂದು ನ್ಯೂಯಾರ್ಕಿನ ಯಿಡ್ಡಿಷ್ ಪತ್ರಿಕೆ 'ಫೊರ್ವರ್ಟ್ಸ್' 1920ರ ದಶಕದಲ್ಲಿ ಅವರಿಂದ ಚಿತ್ರಗಳನ್ನು ತರಿಸಿಕೊಂಡಿತು. ಅವರು ಊರೂರು ಸುತ್ತಿ ಕಸುಬುದಾರರನ್ನೂ ಸಂತೆಯ ವ್ಯಾಪಾರಿಗಳನ್ನೂ ಪಾಠ ಕಲಿಯುವ ಹುಡುಗರನ್ನೂ ಚಿತ್ರಿಸಿದರು.

1941ರ ಜುಲೈಯಲ್ಲಿ ಟಾರ್ನೊಪೋಲಿನಲ್ಲಿ ಅವರ ಕೊಲೆಯಾಯಿತು. ವಾರ್ಸಾದ ಅವರ ಚಿತ್ರಸಂಗ್ರಹವೂ ಯುದ್ಧಕಾಲದಲ್ಲಿ ನಾಶವಾಯಿತು. ಪೋಲೆಂಡಿನ ಸುಮಾರು 33 ಲಕ್ಷ ಯೆಹೂದ್ಯರಲ್ಲಿ 30 ಲಕ್ಷದಷ್ಟು ಮಂದಿ ನಾಜಿಗಳ ಕ್ರೌರ್ಯಕ್ಕೆ ಬಲಿಯಾದರು. ಸಮುದ್ರದಾಚೆಗೆ ಕಳುಹಿದ್ದ ಸುಮಾರು 700 ಚಿತ್ರಗಳು ಮಾತ್ರ ಉಳಿದು, ನ್ಯೂಯಾರ್ಕಿನ ಯಿವೋ ಸಂಶೋಧನ ಸಂಸ್ಥೆಯನ್ನು ಸೇರಿದವು.

ಆ ಬೀದಿಗಳು ಅಳಿಯುವುವೆಂದು ಅಂದು ಯಾರು ಎಣಿಸಿದ್ದರು? ದಿನವೂ ಕಾಣುವುದು ಎಂದೆಂದೂ ಇರುವುದೆಂಬ ನಂಬಿಕೆಯಿಂದಲೇ ನಾವು ಅದನ್ನು ದಾಖಲಿಸದೆ ಬಿಡುತ್ತೇವೆ. ಉಪಾಧ್ಯಾಯ ಬಂಧುಗಳೇ, ನಮ್ಮೂರಿನ ಸಂತೆ, ಕಸುಬು, ಶಾಲೆಗಳನ್ನು ಮಕ್ಕಳಿಂದ ದಾಖಲು ಮಾಡಿಸೋಣ. ಅದರ ಒಂದು ಪ್ರತಿಯನ್ನು ದೂರದೂರಿನಲ್ಲಿ ಇರಿಸುವ ವಿವೇಕವನ್ನೂ ಅವರಿಗೆ ಕಲಿಸೋಣ.